ಒಂಬತ್ತು ಲೋಟಗುಂಡಿಯ ಗಾಡಿ

ಕಾರು ಇರುವುದು ಓಡಿಸುವುದಕ್ಕೆ, ಕಾಫಿ ಕುಡಿಯುವುದಕ್ಕೆ ಮನೆಯಲ್ಲಿ ಮೇಜಿದೆ. ಇಷ್ಟು ಸಣ್ಣ ಸಂಗತಿ ಗಂಡನ ತಲೆಗೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಹೋಗಲಿಲ್ಲವಲ್ಲ ಎಂಬುದೇ ರೋಸ್ವಿತಾಳ ಕೊರಗು.

ಅವಳು ಜರ್ಮನಿಯವಳು. ಗಂಡ ಡಾರೆಲ್ ಅಮೆರಿಕದ ಓಕ್ಲಹೋಮದವನು; ಅವಳ ಊರಾದ ಸ್ಟುಟ್‌ಗಾರ್ಟ್ ಹತ್ತಿರ ಅಮೆರಿಕದ ಸೇನೆಯ ಉಗ್ರಾಣದಲ್ಲಿ ಗುಮಾಸ್ತ. ಅವಳ ಪುಟ್ಟ ಕಾರಿನಲ್ಲಿ ಗೇರು ಹಾಕಲು ಹೋದರೆ ಅವನ ಮೊಣಕಾಲೇ ಅಡ್ಡ ಬರುತ್ತಿತ್ತು. ಅದಕ್ಕೇ ಊರಿಗೆ ಮರಳುತ್ತಿದ್ದ ಗೆಳೆಯನಿಂದ ಒಂದು ಪಿಕಪ್ ಕೊಂಡು ತಂದ. ಗೇರನ್ನು ತಾನೇ ಹಾಕಿಕೊಳ್ಳುವ ಗಾಡಿ. ಹಿಂದೆ ಅಂಗಳದಷ್ಟು ತೆರೆದ ತೊಟ್ಟಿ. ಒಳಗೆ ಲೋಟ ಇಡಲು ಒಂಬತ್ತು ಗುಂಡಿ. (ರೋಸ್ವಿತಾ ಎರಡು ಸಲ ಎಣಿಸಿದಳು.)

"ಕೂರೋರು ಐದು ಜನ, ಲೋಟ ಒಂಬತ್ತಾ?"

"ದಾರೀಲಿ ಬಾಯಾರಿದ್ರೆ?"

"ಗಾಡಿ ನಿಲ್ಸಿ ಇಳೀಬೇಕು. ನಾವು ಇಳಿದು ಕುಡಿಯೋ ಜನ."

"ನಾವು ಕುಡೀತಾನೇ ಓಡ್ಸೋ ಜನ."

"ಪೊಲೀಸ್ರ ಮುಂದೆ ಹಾಗನ್ಬೇಡ ಮಾರಾಯ!"

ಅವಳಿಗೆ ಬೆಂಬಲವಾಗಿ ಅಪ್ಪ ಆಯ್ಗೆನ್ ಇದ್ದರು. ಅವರ ಕಾರಿನಲ್ಲಿ ನಲವತ್ತು ವರ್ಷ ಯಾರೂ ಒಂದು ಪೆಪ್ಪರ್‌ಮಿಂಟನ್ನೂ ಚೀಪಿರಲಿಲ್ಲ. ಹತ್ತುವ ಮುಂಚೆ ಒಂದೊಂದೇ ಕಾಲನ್ನು ಹೊರಗೆ ಕೊಡವಿ ಒಳಗಿಡಬೇಕಿತ್ತು.

ರೋಸ್ವಿತಾ ಟೇಪು ತಂದು ಅಳೆದಳು. ಗ್ಯಾರೇಜಿನ ಬಾಗಿಲು ಇನ್ನೂರ ಮೂವತ್ತೇಳು ಸೆಂಟಿಮೀಟರ್. ಗಾಡಿಯ ಅಗಲ, ಎರಡೂ ಕನ್ನಡಿ ಸೇರಿ, ಇನ್ನೂರ ನಲವತ್ತಮೂರು. ಅವಳು ಸಂತೋಷದಿಂದ ಒಂದು ಚೀಟಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಫ್ರಿಜ್ಜಿಗೆ ಅಂಟಿಸಿದಳು: "ಗ್ಯಾರೇಜಿನಲ್ಲಿ ನಿಲ್ಲಿಸಲು ಆದರೆ ಗಾಡಿ ಇರಲಿ. ಆಗದಿದ್ದರೆ ಸೋಮವಾರ ಮಾರಾಟ."

ಶನಿವಾರ ಮೂರು ಗಂಟೆಗೆ ಪರೀಕ್ಷೆ. ಗೋಡೆಗೆ ಉಜ್ಜಿದರೆ ಕೂಗಲೆಂದು ಅಪ್ಪನನ್ನೇ ಸಾಕ್ಷಿಯಾಗಿ ಗಾಡಿಯೊಳಗೆ ಕೂರಿಸಿದಳು. ಡಾರೆಲ್ ಒಂದು ಬಟನ್ ಒತ್ತಿದ. ಕನ್ನಡಿಗಳೆರಡೂ ಬೈಸಿಕೊಂಡ ನಾಯಿಯ ಕಿವಿಯಂತೆ ಮಡಚಿಕೊಂಡವು. ಗಾಡಿ ಸುಮ್ಮನೆ ಒಳಗೆ ಹೋಗಿ ನಿಂತಿತು.

ರೋಸ್ವಿತಾಳ ಮುಖ ಸಪ್ಪಗಾಯಿತು. ಆದರೆ ಇಬ್ಬರೂ ಇಳಿಯಲಿಲ್ಲ. ಇಳಿಯುವುದು ಹೇಗೆ? ಬಾಗಿಲು ಒಂದು ಗೇಣು ತೆರೆಯುವಷ್ಟರಲ್ಲಿ ಗೋಡೆ.

"ಇಳಿಯೋಕಾಗದಿದ್ರೆ ಅದು ನಿಲ್ಸಿದ ಹಾಗಲ್ಲ!" ಎಂದು ಅವಳು ಹಿಂದಿನಿಂದ ಕೂಗಿದಳು. "ಸೋತೆ ಅಂತ ಒಪ್ಕೊಂಡು ಹಿಂದಕ್ಕೆ ತೆಗಿ."

"ಇಳೀಬೇಕು ಅಂತ ಚೀಟೀಲಿಲ್ಲ. ನಮಗೇನೂ ಅವಸರ ಇಲ್ಲ, ಅಲ್ವಾ ಮಾವ?"

ಮಾವ ಬಾಯಿ ತುಂಬಿದವರಂತೆ "ಹ್ಞೂಂ" ಎಂದರು. ಅದೇ ಅನುಮಾನ ಹುಟ್ಟಿಸಿತು.

ನಾಲ್ಕು ಗಂಟೆಗೆ ಅವರ ಮನೆಯಲ್ಲಿ ಕಾಫಿ, ಕೇಕು; ಯುದ್ಧ ಬಂದರೂ ತಪ್ಪದು. ಪ್ಲಮ್ ಹಣ್ಣಿನ ಕೇಕಿನ ವಾಸನೆಗೆ ಗಂಡ ಸೋಲುತ್ತಾನೆಂದು ರೋಸ್ವಿತಾ ತಟ್ಟೆ ಹಿಡಿದು ಹಿಂದಿನ ತೊಟ್ಟಿಗೆ ಹತ್ತಿದಳು. ಸೂರು ತಗ್ಗು, ಮಂಡಿಯೂರಿ ತೆವಳಿ, ಹಿಂಬದಿಯ ಕಿಟಕಿಯ ಗಾಜು ಸರಿಸಿ ನೋಡಿದಳು. ಅಪ್ಪ ಸೀಟು ಹಿಂದಕ್ಕೆ ಒರಗಿಸಿ, ಬೂಟು ಬಿಚ್ಚಿ, ಅಳಿಯನ ಫ್ಲಾಸ್ಕಿನ ಕಾಫಿ ಹೀರುತ್ತಿದ್ದರು. ತೊಡೆಯ ಮೇಲೆ ಅರ್ಧ ಕಡಿದ ಬ್ರೆಟ್ಸೆಲ್ ಬ್ರೆಡ್ಡು.

"ಅಪ್ಪಾ! ಕಾರಲ್ಲಿ?"

"ಇದು ಕಾರಲ್ಲ ಕಣೇ, ಮನೆ. ನೋಡು, ಸೀಟು ಬೆಚ್ಚಗಾಗುತ್ತೆ. ಮಂಡಿನೋವು ಹೋಯ್ತು."

ಆಗ ಅವಳಿಗೆ ಹಿಂದಿನ ಸೀಟಿನ ಮೇಲೆ ಬ್ರೆಡ್ಡಿನ ಪುಡಿ ಕಾಣಿಸಿತು. ಇನ್ನೇನನ್ನಾದರೂ ಸಹಿಸಿಯಾಳು, ಪುಡಿಯನ್ನಲ್ಲ. ತಟ್ಟೆಯನ್ನು ಗಂಡನ ಕೈಗಿತ್ತು, ಕರವಸ್ತ್ರ ತೆಗೆದು, ಕಿಟಕಿಯೊಳಗೆ ತಲೆ, ಭುಜ, ಹೊಟ್ಟೆ ತೂರಿಸಿ ಒರೆಸಿದಳು. ಚೊಕ್ಕಟವಾಗಿ ಒರೆಸಿದ ಮೇಲೆ ಹಿಂದಕ್ಕೆ ಸರಿದಳು. ಸರಿಯಲಿಲ್ಲ. ಮುಂದಕ್ಕೂ ಇಲ್ಲ. ಗ್ಯಾರೇಜು ಅಳೆದಿದ್ದಳು, ಗಾಡಿ ಅಳೆದಿದ್ದಳು, ಈ ಕಿಟಕಿಯನ್ನೂ ಅಳೆದಿದ್ದಳು: ನಲವತ್ತೆರಡು ಸೆಂಟಿಮೀಟರ್. ಅಳೆಯದೆ ಬಿಟ್ಟದ್ದು ತನ್ನನ್ನು ಮಾತ್ರ.

ಹೊರಗೆ ಪೊರಕೆಯ ಸದ್ದು. ಆ ವಾರ ಬೀದಿ ಗುಡಿಸುವ ಸರದಿ ಎದುರುಮನೆಯ ಹೈಡ್ಲೆಯದು. ಕಾರಿನಲ್ಲಿ ತಿನ್ನುವ ಅಮೆರಿಕದವರ ಬಗ್ಗೆ ಎರಡು ವಾರದಿಂದ ರೋಸ್ವಿತಾ ದೂರು ಹೇಳಿದ್ದೆಲ್ಲ ಅವಳ ಮುಂದೆಯೇ. ಪೊರಕೆ ಗ್ಯಾರೇಜಿನ ಹತ್ತಿರ ಬಂದು ನಿಂತಿತು.

"ಯಾರದು? ಆ ಹೂವಿನ ಲಂಗ ನಮ್ಮ ರೋಸ್ವಿತಾಳದ್ದಲ್ವಾ?"

"ಬೀದಿಗೆ ತೆಗೀತೀನಿ, ಬೆಳಕಲ್ಲಿ ಎಳೆಯೋಕೆ ಸುಲಭ," ಎಂದು ಡಾರೆಲ್ ಎಂಜಿನ್ ಶುರುಮಾಡಿದ.

ತನ್ನ ಹಿಂಭಾಗ ಮೊದಲಾಗಿ, ಹಾಡುಹಗಲಲ್ಲಿ, ಇಡೀ ಬೀದಿಗೆ ಮೆರವಣಿಗೆ! ರೋಸ್ವಿತಾ ಚೀರಿದಳು: "ಬೇಡ! ಬೇಡ! ಗಾಡಿ ಇಲ್ಲೇ ಇರಲಿ!"

ಎಂಜಿನ್ ನಿಂತಿತು.

"ಮಾವ, ಕೇಳಿಸ್ತಾ?"

"ಸ್ಪಷ್ಟವಾಗಿ," ಎಂದರು ಸಾಕ್ಷಿ. ಆಮೇಲೆ ಹಿಂದಕ್ಕೆ ತಿರುಗಿ, ಕೇಕಿನ ಒಂದು ತುಂಡನ್ನು ಮಗಳ ಬಾಯಿಗಿಟ್ಟರು. "ಪುಡಿ ಬೀಳಿಸ್ಬೇಡ ಕಣಮ್ಮ, ಈಗ ತಾನೇ ಒರೆಸಿದ್ದೀಯ."