ಒಂದು ಗೇಣು ಗಿಡ್ಡವಾದ ಕೋಲು

ಕ್ಲಮೀಡಿಯಾ ಎಂಬ ಸೂಕ್ಷ್ಮಾಣುವಿಗೆ ಕಚೇರಿ ವೇಳೆ ಅನ್ವಯಿಸುವುದಿಲ್ಲ. ಅದನ್ನು ಕೊಲ್ಲುವ ಮಾತ್ರೆಗೆ ಅನ್ವಯಿಸುತ್ತದೆ. ನೈಲ್ ದಂಡೆಯ ನಗಾ ಬುರ್ಜಾನ್ ಹಳ್ಳಿಯಲ್ಲಿ ಈ ಸೂಕ್ಷ್ಮಾಣು ತಲೆತಲಾಂತರದಿಂದ ಜನರ ಕಣ್ಣಿನಲ್ಲೇ ವಾಸವಾಗಿದೆ. ಮೊದಲು ರೆಪ್ಪೆಯೊಳಗೆ ಗುಳ್ಳೆ ಎಬ್ಬಿಸುತ್ತದೆ, ವರ್ಷಗಳ ಮೇಲೆ ರೆಪ್ಪೆಗೂದಲನ್ನು ಒಳಮುಖ ತಿರುಗಿಸಿ ಕಣ್ಣು ಗೀರಿಸುತ್ತದೆ. ಮುದುಕಿ ಬಹಾನಾ ಪ್ರತಿ ಗುರುವಾರ ತನ್ನ ಆ ಕೂದಲನ್ನು ಚಿಮುಟದಿಂದ ಕೀಳುತ್ತಿದ್ದಳು. ಆದರೂ ಒಂದು ಕಣ್ಣು ಹೋಗಿತ್ತು. ಆರು ವರ್ಷದ ಮೊಮ್ಮಗಳು ನವ್ವಾರಾಳ ಕಣ್ಣು ಕೆಂಪಾದಾಗ ಅವಳು ಸರ್ಕಾರ ಹಂಚುವ ಮಾತ್ರೆಗೆ ಕಾದಳು.

ಈ ಔಷಧಿಯನ್ನು ಎತ್ತರ ನೋಡಿ ಕೊಡುವುದು ಪದ್ಧತಿ. ಗುರುತು ಹಾಕಿದ ಕೋಲಿನ ಪಕ್ಕ ನಿಲ್ಲಬೇಕು, ಎತ್ತರವಿದ್ದಷ್ಟು ಮಾತ್ರೆ. ಕೈರೋದಿಂದ ಬಂದ ಕೋಲು ಸರಿಯಾಗಿಯೇ ಇತ್ತು. ಆದರೆ ಸರ್ಕಾರಿ ಸಲಕರಣೆಗಳನ್ನು ಸಂಜೆ ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದೆಂದು ನಿಯಮ, ಬೀರುವೋ ಒಂದು ಗೇಣು ಗಿಡ್ಡ. ಬೀರುವನ್ನು ಬೆಳೆಸಲು ಅವಕಾಶವಿಲ್ಲದ್ದರಿಂದ ಅಧಿಕಾರಿ ವಗ್ದಿ ಸಾಹೇಬರು ಕೋಲನ್ನು ಕೊಯ್ಯಿಸಿದರು. ಮೇಲ್ತುದಿಯಲ್ಲಿ ಸರ್ಕಾರದ ಮುದ್ರೆ ಇತ್ತು, ಅದನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಬುಡವನ್ನು ಕೊಯ್ದರು, ಗುರುತುಗಳೆಲ್ಲ ಒಂದು ಗೇಣು ಕೆಳಗಿಳಿದವು.

ಮರುದಿನ ಇಡೀ ಹಳ್ಳಿ ಒಂದು ಗೇಣು ಬೆಳೆದಿತ್ತು. ಮಕ್ಕಳಿಗೆ ದೊಡ್ಡವರ ಮಾತ್ರೆ ಬಿದ್ದು ವಾಂತಿಯಾಯಿತು. ತಲೆ ಎಣಿಸಿ ಕಳಿಸಿದ್ದ ಔಷಧಿ ಅರ್ಧ ಸಾಲಿಗೇ ಮುಗಿಯಿತು. ಬಹಾನಾ ಮೊಮ್ಮಗಳೊಂದಿಗೆ ಉಳಿದರ್ಧದಲ್ಲಿದ್ದಳು.

"ಖಾಲಿ ಅಜ್ಜಿ," ಎಂದ ಗುಮಾಸ್ತ ಶಹ್ಹಾತಾ. "ನಿಮ್ಮೂರೋರು ಸಿಕ್ಕಾಪಟ್ಟೆ ಬೆಳ್ದುಬಿಟ್ಟಿದ್ದೀರಿ. ನಾವೇನ್ ಮಾಡೋಣ?"

"ಬೆಳ್ದಿದ್ದು ನಾವಲ್ಲ ಕಣೋ, ನಿನ್ ಕೋಲು ಕುಗ್ಗಿದೆ."

"ಹಂಗೆಲ್ಲ ಅನ್ಬಾರ್ದು ಅಜ್ಜಿ. ಅದು ಸರ್ಕಾರದ್ದು."

ಹಳ್ಳಿ ಏಕೆ ಬೆಳೆಯಿತೆಂದು ಕೈರೋ ವಿವರಣೆ ಕೇಳಿತು. ಜನ ಫೂಲ್ ಎಂಬ ಅವರೆಯಂಥ ಕಾಳು ಚೆನ್ನಾಗಿ ತಿಂದಿದ್ದಾರೆಂದು ಸಾಹೇಬರು ಬರೆದರು. ಕೈರೋ ಅಭಿನಂದಿಸಿ, ಇನ್ನೊಂದು ಕಂತು ಔಷಧಿ ಕಳಿಸಿ, ಇದೇ ಕೊನೆಯದೆಂದೂ ತಿಳಿಸಿತು. ಅಷ್ಟರಲ್ಲಿ ನವ್ವಾರಾಳ ಕಣ್ಣು ಬೆಳಿಗ್ಗೆ ಕೀವು ಅಂಟಿ ತೆರೆಯುತ್ತಲೇ ಇರಲಿಲ್ಲ. ಬಹಾನಾ ಒಲೆಯಿಂದ ಒಂದು ಇಟ್ಟಿಗೆ ಕಿತ್ತು, ಗೇಣು ಹಾಕಿ ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಕಚೇರಿಗೆ ಹೋದಳು.

"ಸಾಹೇಬ್ರೇ, ಇದನ್ನ ಕೋಲಿನ ಕೆಳಗಿಡಿ. ಎಲ್ಲಾ ಸರಿಹೋಗ್ತದೆ."

ಸಾಹೇಬರು ಇಟ್ಟಿಗೆಯನ್ನು ಆರೂ ಕಡೆಯಿಂದ ಪರಿಶೀಲಿಸಿದರು. "ಇದರ ನಂಬರ್ ಎಲ್ಲಿ?"

"ನಮ್ ಒಲೇದು. ನಂಬರ್ ಎಲ್ಲಿಂದ ತರ್ಲಿ?"

"ದಾಸ್ತಾನು ಪುಸ್ತಕದಲ್ಲಿಲ್ಲದ ವಸ್ತು ಸರ್ಕಾರಿ ಕೋಲನ್ನ ಹೊರೋ ಹಂಗಿಲ್ಲ ಅಜ್ಜಿ. ಮಂಜೂರಾತಿಗೆ ಎರಡು ವರ್ಷ ಹಿಡಿಯುತ್ತೆ."

"ಅಷ್ಟರಲ್ಲಿ ಈ ಕೂಸಿನ ಕಣ್ಣು ಹೋಗ್ತದೆ. ನನ್ ಮುಖ ನೋಡಿ ಸಾಹೇಬ್ರೇ. ಇವ್ಳೂ ಹಿಂಗಾಗ್ಬೇಕಾ?"

ಸಾಹೇಬರು ನೋಡಿದರು. ಅವರೇನೂ ಕಲ್ಲೆದೆಯವರಲ್ಲ. ಅಂದೇ ಪ್ರಕಟಣೆ ಹೊರಟಿತು: "ಅಳತೆಗೆ ಬರುವ ಸಮಸ್ತರೂ ಒಂದು ಗೇಣಿನಷ್ಟು ಮಂಡಿ ಬಗ್ಗಿಸಿ ನಿಲ್ಲತಕ್ಕದ್ದು. ಸ್ವಂತ ಎತ್ತರದಲ್ಲಿ ನಿಂತವರಿಗೆ ಔಷಧಿ ಇಲ್ಲ. ಗೇಣಿನ ಬಗ್ಗೆ ವಿವಾದವಾದಲ್ಲಿ ಅಧಿಕಾರಿಗಳ ಗೇಣೇ ಅಂತಿಮ."

ಎಂಟು ದಿನ ಹಳ್ಳಿ ಬೇರೆ ಕೆಲಸ ಮಾಡಲಿಲ್ಲ. ಬಹಾನಾ ಗೋಡೆಗೆ ಗೆರೆ ಎಳೆದು ಮೊಮ್ಮಗಳಿಗೆ ಬಗ್ಗುವುದನ್ನು ಕಲಿಸಿದಳು. ಹುಡುಗಿ ಎಷ್ಟು ಚೊಕ್ಕವಾಗಿ ಬಗ್ಗಿದಳೆಂದರೆ ಸಾಹೇಬರು ಅವಳನ್ನು ಮಾದರಿಯಾಗಿ ಸಾಲಿನ ಮುಂದೆ ನಿಲ್ಲಿಸಿದರು. ಔಷಧಿ ಎಲ್ಲರಿಗೂ ಸಾಕಾಯಿತು. ನವ್ವಾರಾಳ ಕಣ್ಣು ತಿಳಿಯಾಯಿತು. ಬಹಾನಾ ಖುಷಿಗೆ ಅತ್ತಳು, ಅತ್ತದ್ದಕ್ಕೆ ಅವಳ ಕಣ್ಣು ಇನ್ನಷ್ಟು ಉರಿಯಿತು.

ಮರುವರ್ಷ ಕೈರೋದಿಂದ ಪೂರ್ತಿ ಉದ್ದದ ನಾಲ್ಕು ಹೊಸ ಕೋಲು ಬಂದವು.

"ಇನ್ನು ನೆಟ್ಟಗೆ ನಿಲ್ಲಬೋದಾ ಸಾಹೇಬ್ರೇ?" ಎಂದು ಬಹಾನಾ ಕೇಳಿದಳು.

"ನಾಲ್ಕೂ ಬೀರುವಿಗೆ ಹಿಡೀತಿಲ್ಲ ಅಜ್ಜಿ," ಎಂದರು ಸಾಹೇಬರು, ಬಡಗಿಗೆ ಕಾಯುತ್ತ. "ಜನಕ್ಕೆ ಹೇಗೂ ಬಗ್ಗಿ ಅಭ್ಯಾಸ ಇದೆಯಲ್ಲ."

ಜನ ಬಗ್ಗಿಯೇ ಸಾಲು ನಿಂತರು. ಬಡಗಿಯೂ ಮಂಡಿ ಬಗ್ಗಿಸಿಕೊಂಡೇ ಕೊಯ್ದ. ಈಗ ಕಂದಾಯದವರು ಬರಲಿ, ಪೊಲೀಸರು ಬರಲಿ, ನಗಾ ಬುರ್ಜಾನಿನ ಜನ ಹೇಳಿಸಿಕೊಳ್ಳದೆಯೇ ಒಂದು ಗೇಣು ಕುಗ್ಗುತ್ತಾರೆ. ಇಷ್ಟು ವಿನಯದ ಊರು ಜಿಲ್ಲೆಯಲ್ಲೇ ಇಲ್ಲವೆಂದು ಕಡತದಲ್ಲಿ ದಾಖಲಾಗಿದೆ.

ಗುರುವಾರ ಬಹಾನಾ ತನ್ನ ರೆಪ್ಪೆಗೂದಲು ಕಿತ್ತು ಮುಗಿಸಿ, ಮೊಮ್ಮಗಳ ಗಲ್ಲ ಹಿಡಿದು ರೆಪ್ಪೆ ನೋಡುತ್ತಾಳೆ. ಎಲ್ಲ ಕೂದಲೂ ಹೊರಮುಖವಾಗಿಯೇ ಇವೆ. ಹುಡುಗಿ ಮಾತ್ರ ಅಭ್ಯಾಸಬಲದಿಂದ ಬಗ್ಗಿಯೇ ನಿಂತಿರುತ್ತಾಳೆ. ಬಹಾನಾ ಎದ್ದು ಹೋಗಿ ಬಾಗಿಲು ಹಾಕಿ, ಅಗುಳಿ ಜಡಿದು, ಬೀದಿಗೆ ಕೇಳದಂತೆ ಹೇಳುತ್ತಾಳೆ:

"ಈಗ ಯಾರೂ ಇಲ್ಲ ಕೂಸೇ. ನೆಟ್ಟಗೆ ನಿಲ್ಲು."