ಭಾವನವರ ವಿರೋಧ ಪಕ್ಷ

ನಮ್ಮ ಭಾವನ ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ 'ಲಬ್ ಡಬ್' ಅಂತ ಕೇಳಿಸೋದಿಲ್ಲ, 'ಇಲ್ಲ ಇಲ್ಲ' ಅಂತ ಕೇಳಿಸುತ್ತೆ! ಇಟ್ಟು ನೋಡಿದ್ದೀರಾ ಅಂತ ನನ್ನನ್ನ ಕೇಳಬೇಡಿ. ಇಡೋದಕ್ಕೆ ಅವರು ಒಪ್ಪಬೇಕಲ್ಲ?

ಭಾವ ಡಾಕ್ಟರು. ವರ್ತೂರಿನಲ್ಲಿ ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. "ಜ್ವರ ಬಂದದೆ ಸಾ" ಅಂತ ಯಾರಾದರೂ ಬಂದರೆ, "ಅದನ್ನ ಹೇಳಬೇಕಾದವನು ನಾನು" ಅಂತಾರೆ. "ಅಂಗಾರೆ ಜ್ವರ ಇಲ್ವಾ ಸಾ?" ಅಂದರೆ, "ಇಲ್ಲ ಅಂತ ಯಾರಯ್ಯ ಹೇಳಿದ್ದು?" ಅಂತಾರೆ. ಆ ಗೊಂದಲದಲ್ಲೇ ಎಷ್ಟೋ ಜನಕ್ಕೆ ಬೆವರಿ ಜ್ವರ ಇಳಿದಿದೆ!

ನನ್ನ ಅಕ್ಕನನ್ನ ಹೆಣ್ಣು ನೋಡೋದಕ್ಕೆ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದಾಗಲೂ ಅಷ್ಟೇ. ಎಲ್ಲರೂ ಉಪ್ಪಿಟ್ಟು ತಿಂದು ಚೆನ್ನಾಗಿದೆ ಅಂತ ತಲೆಯಾಡಿಸುತ್ತಿದ್ದಾಗ ಇವರು "ಉಪ್ಪು ಕಮ್ಮಿ" ಅಂದರು. ಅಮ್ಮನ ಮುಖ ಬಾಡಿಹೋಯಿತು. ಒಳಗಿದ್ದ ಅಕ್ಕ ಸರಸರ ಹೊರಗೆ ಬಂದು, "ಉಪ್ಪು ಸರಿಯಾಗೇ ಇದೆ. ನೀವು ನಾಲಿಗೆ ಯಾರಿಗಾದ್ರೂ ತೋರಿಸ್ಕೊಳ್ಳಿ" ಅಂದುಬಿಟ್ಟಳು. ಅದೂ ಡಾಕ್ಟರಿಗೆ! ಸಂಬಂಧ ಕೆಟ್ಟಿತು ಅಂತ ಅಪ್ಪ ಕಣ್ಣು ಮುಚ್ಚಿಕೊಂಡರು. ಭಾವ ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಅವತ್ತು ಶುರುವಾದ ವಾದ ನಿಂತಿದ್ದು ಹೋದ ವರ್ಷ, ಅಕ್ಕ ತೀರಿಕೊಂಡಾಗ. ಅವರಿಗೆ ಮಕ್ಕಳಿಲ್ಲ. ಕೆಲಸದಾಕೆ ಅಡುಗೆ ಮಾಡಿಟ್ಟು ಹೋಗುತ್ತಾಳೆ. ಅಕ್ಕನೇ ಇಲ್ಲದ ಮೇಲೆ ಭಾವಮೈದುನನಿಗೆ ಆ ಮನೆಯಲ್ಲೇನು ಕೆಲಸ ಅಂತ ನೆಂಟರು ಕೇಳಿದ್ದುಂಟು. ನಾನು ಮಾತ್ರ ಭಾನುವಾರ ತಪ್ಪಿಸೋದಿಲ್ಲ. ಹೋದಾಗೆಲ್ಲ ಭಾವ ಒಬ್ಬರೇ ಟಿವಿ ಮುಂದೆ ಕೂತು, ಸುದ್ದಿ ಓದುವ ಹುಡುಗಿಯ ಜೊತೆ ವಾದ ಮಾಡುತ್ತಿರುತ್ತಾರೆ. ಅವಳು ಇವರ ಪ್ರಶ್ನೆಗೆ ಉತ್ತರ ಕೊಡದೆ ಜಾಹೀರಾತಿಗೆ ಹೋಗಿಬಿಡುತ್ತಾಳೆ. ಇವರು ಜಾಹೀರಾತು ಮುಗಿಯೋವರೆಗೂ ಕಾಯುತ್ತಾರೆ!

ಉಳಿದಿದ್ದು ನಮ್ಮ ಕಡೆಯ ವೈದ್ಯರ ಸಂಘ. ತಿಂಗಳಿಗೊಮ್ಮೆ ಮಾರತ್ತಹಳ್ಳಿ ಹತ್ತಿರ ಕಲ್ಯಾಣಮಂಟಪದ ಮಹಡಿಯಲ್ಲಿ ಸಭೆ, ಆಮೇಲೆ ಊಟ. ಭಾವನನ್ನು ಕಾರಿನಲ್ಲಿ ಕರ್ಕೊಂಡು ಹೋಗೋದು ನನ್ನ ಕೆಲಸ. ಕೊನೇ ಸಾಲಿನಲ್ಲಿ ಕೂತು ಊಟಕ್ಕೆ ಕಾಯೋದೂ ನನ್ನ ಕೆಲಸವೇ.

ಅಸೆಂಬ್ಲಿ ಚುನಾವಣೆ ಬಂತು. ಸಂಘದ ಅಧ್ಯಕ್ಷರು ದೊಡ್ಡ ನರ್ಸಿಂಗ್ ಹೋಮ್ ನಡೆಸುವವರು, ಬೆಣ್ಣೆಯಂಥ ಮಾತಿನವರು. ಸಂಘದ ನಿಧಿಯಿಂದ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ದೇಣಿಗೆ ಕೊಡೋಣ ಅಂದರು. ಭಾವ ಎದ್ದು ನಿಂತರು.

"ಯಾಕೆ?"

"ನಾಳೆ ಯಾರಾದ್ರೂ ನಮ್ಮ ಆಸ್ಪತ್ರೆಗೆ ಕಲ್ಲು ಹೊಡೆದ್ರೆ, ನಮ್ಮ ಪರವಾಗಿ ಮಾತಾಡೋಕೆ ಒಬ್ಬರು ಬೇಕಲ್ವಾ ಸಾರ್?"

"ರೋಗ ಬರೋಕ್ಮುಂಚೆ ಔಷಧಿ ಕೊಡೋದಾ?"

"ಲಸಿಕೆ ಅಂದ್ಕೊಳ್ಳಿ."

ಸಭೆ ಘೊಳ್ಳೆಂದು ನಕ್ಕಿತು. ಭಾವ ಬಿಟ್ಟಾರೆಯೇ? "ಲಸಿಕೆ ಆದ್ರೆ ಆಮೇಲೆ ಬೂಸ್ಟರ್ ಕೇಳ್ತಾರೆ ಕಣ್ರೀ! ನನ್ನ ಕ್ಲಿನಿಕ್ಕಿಗೆ ಎಲ್ಲಾ ಪಕ್ಷದವರೂ ಬರ್ತಾರೆ. ನಾಳೆಯಿಂದ ನಾನು ನಾಲಿಗೆ ತೋರ್ಸಿ ಅನ್ಬೇಕಾ, ಬಾವುಟ ತೋರ್ಸಿ ಅನ್ಬೇಕಾ?"

ತೀರ್ಮಾನ ಆಗಲಿಲ್ಲ. ಸಾರು ಆರಿತು.

ಮುಂದಿನ ವಾರ ತುರ್ತು ಸಭೆ. ಒಬ್ಬ ಮೂಳೆ ಡಾಕ್ಟರು, ತಕರಾರೇ ಬೇಡ, ಎದುರಾಳಿಗೂ ಒಂದಿಷ್ಟು ಕೊಟ್ಟುಬಿಡೋಣ ಅಂದರು. ಭಾವ ಎದ್ದರು. "ಇಬ್ಬರಿಗೂ ಕೊಟ್ರೆ ಅದು ಬೆಂಬಲ ಅಲ್ಲ, ಭಯ." ಸರಿ, ಆಗ ಚರ್ಮದ ಡಾಕ್ಟರಮ್ಮ ಒಬ್ಬರು, "ಹಾಗಾದ್ರೆ ಸಾರ್ ಹೇಳೋ ಹಾಗೆ ಯಾರಿಗೂ ಕೊಡೋದು ಬೇಡ" ಅಂದರು. ಸದ್ಯ ಮುಗೀತು ಅಂತ ಎಲ್ಲರೂ ಭಾವನ ಕಡೆ ತಿರುಗಿದರು. ಅಡುಗೆಯವರು ಎಲೆ ಹಾಕೋದಕ್ಕೂ ಶುರು ಮಾಡಿದರು.

ಭಾವ ಕನ್ನಡಕ ತೆಗೆದು ಒರೆಸಿಕೊಂಡು, "ಯಾರಿಗೂ ಕೊಡಬಾರದು ಅಂತ ನಾನೆಲ್ಲಿ ಹೇಳ್ದೆ?" ಅಂದರು!

ಅಧ್ಯಕ್ಷರ ಮಾತಿನಲ್ಲಿದ್ದ ಬೆಣ್ಣೆಯೆಲ್ಲ ಕರಗಿಹೋಯಿತು. ಸಭೆಯನ್ನ ಇನ್ನೊಂದು ವಾರ ಮುಂದಕ್ಕೆ ಹಾಕಿದರು. ಕಾರಿನಲ್ಲಿ ವಾಪಸ್ ಬರುವಾಗ ಭಾವ ಎಷ್ಟು ಖುಷಿಯಾಗಿದ್ದರು ಅಂದರೆ, ಸೀಟಿನ ಮೇಲೆ ತಾಳ ಹಾಕುತ್ತಿದ್ದರು.

ಆ ವಾರವೆಲ್ಲ ತಯಾರಿ ನಡೆಸಿದರು. ಶರ್ಟು ಇಸ್ತ್ರಿ ಮಾಡಿಸಿದರು, ಕಟಿಂಗ್ ಮಾಡಿಸಿಕೊಂಡರು. ಅಭ್ಯರ್ಥಿಗಳನ್ನೆಲ್ಲ ಸಭೆಗೇ ಕರೆಸಿ, ನಮ್ಮ ವರ್ತೂರು ಕೆರೆಯಲ್ಲಿ ಏಳೋ ವಿಷದ ನೊರೆಗೆ ಏನು ಮಾಡ್ತೀರಿ, ಸರ್ಕಾರಿ ಆಸ್ಪತ್ರೆಗೆ ಏನು ಮಾಡ್ತೀರಿ ಅಂತ ಕೇಳಬೇಕು, ಆಮೇಲೇ ದೇಣಿಗೆ ಅಂತ ನನಗೆ ಫೋನ್ ಮಾಡಿ ಮಾಡಿ ಒಪ್ಪಿಸಿದರು. ನಾನು ಎಲ್ಲಾದಕ್ಕೂ "ಸರಿ ಭಾವ" ಅಂದೆ.

ಸಭೆಯ ದಿನ ಸಂಜೆ ಅವರನ್ನ ಕಲ್ಯಾಣಮಂಟಪದ ಮುಂದೆ ಇಳಿಸಿ, ಕಾರು ನಿಲ್ಲಿಸಿ ಮೇಲೆ ಹೋದೆ. ಕುರ್ಚಿಗಳು ಒಂದರ ಮೇಲೊಂದು ಪೇರಿಸಿಕೊಂಡು ಗೋಡೆ ಪಕ್ಕ ನಿಂತಿದ್ದವು. ಅದರಲ್ಲೊಂದನ್ನ ಎಳೆದು ಹಾಕಿಕೊಂಡು, ಅಷ್ಟಗಲ ಹಾಲಿನ ನಡುವೆ ಭಾವ ಒಬ್ಬರೇ ಕೂತಿದ್ದರು.

ನಾನೇ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಅಯ್ಯೋ, ಬಂದ್ಬಿಟ್ರಾ? ನಾವು ಫೋನಲ್ಲೇ ಓಟ್ ಹಾಕಿ ಮುಗಿಸಿಬಿಟ್ವಿ ಸಾರ್. ನಾನು ಹೇಳಿದ ಅಭ್ಯರ್ಥಿಗೇ ದುಡ್ಡೂ ಕಳಿಸಿಯಾಯ್ತು. ಡಾಕ್ಟರು ನಮ್ಮ ವಾಟ್ಸಾಪ್ ಗ್ರೂಪಲ್ಲಿ ಇಲ್ವಲ್ಲ..." ನಿಜ. 'ಗುಡ್ ಮಾರ್ನಿಂಗ್' ಹಾಕಿದವರಿಗೆಲ್ಲ ಇವರು 'ಯಾವ ಕಾರಣಕ್ಕೆ ಗುಡ್?' ಅಂತ ಕೇಳಿ ಕೇಳಿ, ಗ್ರೂಪಿನಿಂದ ತೆಗೆದುಹಾಕಿಸಿಕೊಂಡಿದ್ದರು. (ಆ ಅಭ್ಯರ್ಥಿ ಆಮೇಲೆ ಗೆದ್ದರು ಕೂಡ. ಸಂಘದವರು ಹಾರ ತಗೊಂಡು ಹೋದರೆ 'ಯಾವ ಸಂಘ?' ಅಂದರಂತೆ!)

ವಿಷಯ ಹೇಳಿದೆ. ಭಾವ ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಇಸ್ತ್ರಿ ಮಾಡಿದ ತೋಳಿನ ಮಡಿಕೆ ಸವರಿಕೊಳ್ಳುತ್ತ ಕೂತರು. ಅದನ್ನ ನೋಡಿ ನನಗೆ ಹೆದರಿಕೆಯಾಯಿತು.

"ದುಡ್ಡು ಯಾರಿಗೆ ಬೇಕಾದ್ರೂ ಕೊಟ್ಕೊಳ್ಳಲಿ ಕಣೋ," ಅಂದರು ಕೊನೆಗೆ. "ನನ್ನನ್ನ ಎದುರಿಗೆ ಕೂರಿಸ್ಕೊಂಡು, ನೀನು ಹೇಳೋದು ತಪ್ಪು ಕಣಯ್ಯಾ ಅನ್ನಬಹುದಿತ್ತಲ್ವಾ? ಪೇಷೆಂಟುಗಳು ಏನು ಹೇಳಿದ್ರೂ ಆಯ್ತು ಸಾ ಅಂತಾರೆ. ನೀನು ಪಾಪ ಅಂತ ಹೂಂಗುಡ್ತೀಯ. ನಿಮ್ಮಕ್ಕ ಹೋದ್ಮೇಲೆ ನಾನು ತಪ್ಪು ಅಂತ ಯಾರೂ ಹೇಳಿಲ್ಲ ಕಣೋ."

ನಾನು ಗೋಡೆ ಪಕ್ಕದಿಂದ ಒಂದು ಕುರ್ಚಿ ತಂದು ಅವರೆದುರಿಗೆ ಹಾಕಿಕೊಂಡು ಕೂತೆ.

"ಭಾವ, ಸಂಘದವರು ಮಾಡಿದ್ದೇ ಸರಿ. ನೀವು ಹೇಳೋದು ಶುದ್ಧ ತಪ್ಪು."

ಭಾವ ತಲೆ ಎತ್ತಿದರು. "ಏನಂದೆ?"

"ತಪ್ಪು ಅಂದೆ. ದುಡ್ಡು ಕೊಡದೆ ರಾಜಕೀಯದಲ್ಲಿ ಯಾರು ನಮ್ಮ ಮಾತು ಕೇಳ್ತಾರೆ?"

"ಲೇ, ಸರ್ಕಾರಿ ಫ್ಯಾಕ್ಟರಿಲಿ ಬೋಲ್ಟು ತಿರುಗಿಸೋನೆ, ನಿನಗೇನೋ ಗೊತ್ತು ರಾಜಕೀಯ!" ಅಂತ ಕುರ್ಚಿಯನ್ನ ಮುಂದಕ್ಕೆ ಎಳೆದುಕೊಂಡರು.

ಕಾವಲಿನವನು ಬಂದು ಫ್ಯಾನ್ ಆರಿಸಿದ, ನಮ್ಮ ವಾದ ನಿಲ್ಲಲಿಲ್ಲ. ಮೆಟ್ಟಿಲು ಇಳಿಯುವಾಗಲೂ ನಡೆಯಿತು, ಕಾರು ಹೊರಟ ಮೇಲೂ ನಡೆಯಿತು. ನನ್ನ ಒಂದೊಂದು ಮಾತನ್ನೂ ಅವರು ಹಿಡಿದು ಹಿಡಿದು ಬಡಿಯುತ್ತಿದ್ದರು. ವರ್ತೂರಿಗೆ ಬೇಗ ಸೇರಿಸುವ ಖಾಲಿ ಒಳರಸ್ತೆಯೊಂದು ನನಗೆ ಗೊತ್ತು. ಅದರ ತಿರುವು ಬಂತು, ಹೋಯಿತು. ನಾನು ನೇರ ಮುಂದಕ್ಕೆ ಹೋಗಿ, ಎಲ್ಲಕ್ಕಿಂತ ಉದ್ದದ ಟ್ರಾಫಿಕ್ ಜಾಮಿನ ಹಿಂದೆ ಕಾರು ನಿಲ್ಲಿಸಿದೆ.