ದೆವ್ವದ ಪಾಠಕ್ಕೆ ಲೋಬಾನದ ಹೊಗೆ

ದೆವ್ವವಿಲ್ಲ ಎಂದು ಹೇಳುವುದು ಸುಲಭ. ಹೇಳಿದ ಮೇಲೆ ಒಬ್ಬನೇ ಕೂರುವುದು ಕಷ್ಟ. ಸಿಂಧನೂರಿನ ಕಾಲೇಜಿನಲ್ಲಿ ನಾನು ಹಳೆಯ ಗಾಥಿಕ್ ಕಾದಂಬರಿಗಳನ್ನು ವರ್ಷವೂ ಕಲಿಸುತ್ತೇನೆ. ಪಾಳು ಕೋಟೆ, ಬೀಗ ಹಾಕಿದ ಕೋಣೆ, ಒಳಗೆ ಸಿಕ್ಕಿಕೊಂಡ ಹುಡುಗಿ. ಕಲಿಸುವಾಗ ಗೋಡೆಗೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ. ಈ ಸಲ ತುರ್ವಿಹಾಳದ ಶಬಾನಾ, "ಸರ್, ಈಗಿನ ಡಾರ್ಕ್ ಅಕಾಡೆಮಿಯಾ ಅನ್ನೋ ಕಥಿ ಗಾಥಿಕ್‌ನ ಮೊಮ್ಮಗಳು ರೀ. ಪಾಳು ಕೋಟಿ ಇದ್ದಲ್ಲಿ ಕಾಲೇಜು ಬಂದೈತಿ, ಅಷ್ಟ" ಎಂದು ಅದನ್ನೇ ಸೆಮಿನಾರಿಗೆ ಆರಿಸಿಕೊಂಡಳು. ಆ ಕಥೆಗಳ ಹುಡುಗಿಯರಂತೆ ಕಾಣಲು ಅಣ್ಣನ ಮದುವೆಯ ಕಂದು ಕೋಟು ತೊಟ್ಟು ತಿರುಗತೊಡಗಿದಳು. ನಮ್ಮ ಬಿಸಿಲಿಗೆ ಗೋಡೆಗೆ ಅಂಟಿಸಿದ ರೊಟ್ಟಿಯೂ ಬೇಯುತ್ತದೆ. ಬೆವರಿನಿಂದಲೇ ಅವಳು ಸಾಕಷ್ಟು ಭಯಾನಕವಾಗಿ ಕಾಣುತ್ತಿದ್ದಳು.

ನಿಜವಾಗಿ ಹೆದರಿದವರು ಅವಳ ತಾಯಿ ಮೈಮುನಾಬಿ. ಸೆಮಿನಾರಿನ ದಿನ ಅದು ನಡೆಯುವ ಲೈಬ್ರರಿಗೇ ಬಂದು ಮುಂದಿನ ಬೆಂಚಿನಲ್ಲಿ ಕೂತರು. "ನಾನೂ ಕೇಳ್ತೀನ್ರಿ ಸರ್. ತಲಿ ಕೆಡಿಸೋ ಪಾಠ ಆದ್ರ ಇವತ್ತ ಕಾಲೇಜು ಬಿಡಿಸಿ ಕರಕೊಂಡು ಹೋಗ್ತೀನಿ." ಅಂಥ ಓದುವ ಹುಡುಗಿ ನನಗೆ ಮತ್ತೆ ಸಿಗುವವಳಲ್ಲ.

ಮುಂದೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಕೋಟೆಯ ಮಂಜು ಬರಲೆಂದು ಶಬಾನಾ ಮನೆಯ ಧೂಪದ ಬಟ್ಟಲು ತಂದಿದ್ದಳು. ಚಹಾದಂಗಡಿಯಿಂದ ತಂದು ಅದರಲ್ಲಿಟ್ಟ ಕೆಂಡದ ಮೇಲೆ ಲೋಬಾನ ಉದುರಿಸಿದಳು. ಕಪಾಟುಗಳು ಹೊಗೆಯಲ್ಲಿ ಮುಚ್ಚಿಹೋದವು. ಹಿಂದಿನಿಂದ ಗೆಳತಿಯೊಬ್ಬಳು ಕೂಗಿದಳು, "ಲೇ ಶಬಾನಾ, ಲೋಬಾನ ಹಾಕಿದ್ರ ಇದ್ದ ದೆವ್ವನೂ ಓಡ್ತಾವ. ನೀ ಯಾರ್ನ ಹೆದರಸಾಕಿ?" ಎಲ್ಲರೂ ನಕ್ಕರು. ಪ್ರತಿ ಗುರುವಾರ ಮನೆ ತುಂಬ ಆ ಹೊಗೆ ಹಿಡಿಯುವ ಹುಡುಗಿಗೆ ಇದು ಹೊಳೆದೇ ಇರಲಿಲ್ಲ. ಹೊಗೆಗೆ ಉರಿಯುತ್ತಿದ್ದ ಕಣ್ಣೊರೆಸಿಕೊಂಡು, ತಾಯಿಯನ್ನೇ ನೋಡುತ್ತ ಹೇಳಿದಳು, "ಹಳೇ ಕಥ್ಯಾಗ ಹುಡುಗಿ ಕೋಟಿಯಿಂದ ಹೊರಗ ಓಡ್ತಾಳ. ಹೊಸಾ ಕಥ್ಯಾಗ ತಾನ ಬಾಗಲಾ ಬಡದು ಒಳಗ ಬರ್ತಾಳ, ಓದಾಕ. ಅಲ್ಲಿ ಓದಿನ ಹುಚ್ಚು ಅನ್ನೋದ ದೆವ್ವ."

"ಅಂದ್ರ ಓಡಿ ಹೋಗೋದು ಹಳೇ ಕಥಿ?" ಮೈಮುನಾಬಿ ಕೇಳಿದರು.

"ಹೂಂ, ಅಮ್ಮೀ."

"ಕಾಲೇಜು ಬಿಟ್ಟು ಬರವಲ್ಲೆ ಅನ್ನೋದು ಹೊಸಾದು?"

"ಹೌದು."

"ಹಂಗಾದ್ರ ಹೊಸಾದ ಓದು. ಕೋಟು ಕೊಡು, ನಿಮ್ಮಣ್ಣ ಹುಡುಕಾಕತ್ತಾನ."

ಮಗಳ ಹಣೆಯ ಬೆವರನ್ನು ಸೆರಗಿನಿಂದ ಒರೆಸಿ, ಅವರು ನನ್ನತ್ತ ತಿರುಗಿದರು. "ಸರ್, ನಿಮ್ಮ ಮಾರಿ ಯಾಕ ಬಿಳಿಚೈತಿ? ಒಂದೀಟು ಹೊಗಿ ತಗೋರಿ." ದೆವ್ವವೆನ್ನುವುದು ಮನಸ್ಸಿನ ಭ್ರಮೆ ಎಂದು ಅದೇ ಮಕ್ಕಳಿಗೆ ನೋಟ್ಸು ಬರೆಸಿದವನು ನಾನು. ತಲೆ ಬಾಗಿಸಿದೆ. ಅವರು ಮುಖದ ಸುತ್ತ ಆಡಿಸಿ ಬಟ್ಟಲು ತೆಗೆಯುವ ಹೊತ್ತಿಗೆ ಮೆಲ್ಲಗೆ, "ಎಡಗಡೆ ಸರಿಯಾಗಿ ತಾಗಲಿಲ್ಲರೀ" ಎಂದೆ.